ಸಾಕ್ಷಿ ಬಟ್ಟೆ

ನೂಲಿಗೆ ಬಣ್ಣ ಹಾಕುವ ಆ ಹೆಂಗಸನ್ನು ಬೀದಿಯವರೆಲ್ಲ ಪಕ್ಕಾ ಅಂತಲೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಹಿಡಿದು ಕೂಗಿದರೆ ಬೇರೆ ಯಾರನ್ನೋ ಕೂಗುತ್ತಿದ್ದಾರೆಂದು ಅವಳು ತಿರುಗಿಯೂ ನೋಡುವುದಿಲ್ಲ ಎಂದು ಗಂಡ ತಮಾಷೆ ಮಾಡುತ್ತಿದ್ದ. ಅವಳು ಅದ್ದಿದ ಬಣ್ಣ ಬಿಡುವುದಿಲ್ಲ. ಒಗೆಯಿರಿ, ಕುದಿಸಿ, ವಾರಗಟ್ಟಲೆ ಬಿಸಿಲಲ್ಲಿ ನೇತುಹಾಕಿ, ಕೆಂಪು ಕೆಂಪಾಗಿಯೇ ಇರುತ್ತದೆ, ಹಸಿರು ಹಸಿರಾಗಿಯೇ ಇರುತ್ತದೆ. ಬೇರೆಯವರು ಹಾಕಿದ ಬಣ್ಣ ಮೊದಲ ಒಗೆತಕ್ಕೇ ಬಕೆಟ್ಟಿನ ಪಾಲಾಗುವುದನ್ನು ಕಂಡರೆ ಅವಳಿಗೆ ತನ್ನ ಮಾನವೇ ಹೋದಷ್ಟು ಸಿಟ್ಟು. ಸಿಟ್ಟೆಂಬುದು ಅವಳಿಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಇತ್ತು.

ಅವಳ ಎಡಹೆಗಲ ಮೇಲೆ ಯಾವಾಗಲೂ ಒಂದು ಬಿಳಿ ಬಟ್ಟೆಯ ತುಂಡು ಇರುತ್ತಿತ್ತು. ಅದಕ್ಕೆ ಅವಳು ಸಾಕ್ಷಿ ಅನ್ನುತ್ತಿದ್ದಳು. ಕೆಲಸ ಕಲಿಸಿದ ಸೋದರತ್ತೆ ಇಟ್ಟ ಹೆಸರು ಅದು. ಬಣ್ಣದ ಹಂಡೆಯಿಂದ ತೆಗೆದ ನೂಲಿನ ಲಡಿ ನೆರಳಲ್ಲಿ ಒಣಗಿದ ಮೇಲೆ ಸಾಕ್ಷಿಯನ್ನು ಒದ್ದೆ ಮಾಡಿ, ಹಿಂಡಿ, ಲಡಿಯ ಮೇಲೆ ಒತ್ತಿ ಉಜ್ಜಬೇಕು. ಬಟ್ಟೆಗೆ ಬಣ್ಣ ಹತ್ತಿದರೆ ಬಣ್ಣ ಇನ್ನೂ ಮೇಲೆಯೇ ಇದೆ, ಲಡಿ ಮತ್ತೆ ಹಂಡೆಗೆ. ಬಟ್ಟೆ ಬೆಳ್ಳಗೇ ಉಳಿದರೆ ಬಣ್ಣ ಒಳಗಿಳಿದು ಕೂತಿದೆ. ತಾಯಿಯಿಲ್ಲದ ಹುಡುಗಿಯಾಗಿ ಸೋದರತ್ತೆಯ ಮನೆಗೆ ಬಂದ ಅವಳಿಗೆ ಅಕ್ಷರಕ್ಕಿಂತ ಮೊದಲು ಹತ್ತಿದ ವಿದ್ಯೆ ಇದು. ಬಟ್ಟೆಗೆ ಬಣ್ಣ ಹತ್ತಿದ ದಿನ ಅತ್ತೆಯ ಕೈ ಬೆನ್ನಿಗೆ ಹತ್ತುತ್ತಿತ್ತು. "ನೀನು ಏನು ಬೇಕಾದ್ರೂ ಹೇಳು, ನಾನು ನಂಬೋದು ಇದನ್ನ," ಎಂದು ಅತ್ತೆ ಬಟ್ಟೆಯನ್ನು ಮೂಗಿನ ಮುಂದೆ ಹಿಡಿಯುತ್ತಿದ್ದಳು. ಆ ಮಾತು ಹುಡುಗಿಯಲ್ಲಿ ಚೆನ್ನಾಗಿಯೇ ಕೂತಿತು.

ನೂಲಿನ ಗಂಟುಗಳನ್ನು ಮೂರು ಗಾಲಿಯ ಗಾಡಿಯಲ್ಲಿ ಸಾಗಿಸುತ್ತಿದ್ದವನು ಅವಳನ್ನು ಮದುವೆಯಾದ. ಅವನ ತಾಯಿ, ಅಂದರೆ ಅವಳ ಅತ್ತೆ, ಸೊಸೆಯ ನೀಲಿ ಕೈ ನೋಡಿ ಮೊದಲ ತಿಂಗಳು ಹಿಟ್ಟು ಮುಟ್ಟಲು ಬಿಡಲಿಲ್ಲ. ಬಿಟ್ಟ ಮೇಲೆ ರೊಟ್ಟಿ ಬೆಳ್ಳಗೇ ಬಂತು. "ಪರವಾಗಿಲ್ಲ, ಕೈ ಬಣ್ಣ ಬಿಡಲ್ಲ," ಎಂದು ಮುದುಕಿ ಒಪ್ಪಿಕೊಂಡಳು. ಮನೆಯ ಮುಂದೆ ಎರಡು ಕೋಣೆ, ಹಿಂದೆ ತಗಡಿನ ಮಾಡಿನ ಕೆಳಗೆ ಹಂಡೆಗಳು, ಒಲೆಗಳು, ಲಡಿ ಜಾಲಿಸುವ ಕಲ್ಲಿನ ತೊಟ್ಟಿ. ಜಾಲಿಸಿದ ನೀರು ಚರಂಡಿಯಲ್ಲಿ ಹರಿಯುವುದನ್ನು ನೋಡಿ ನೆರೆಯವರು ಈ ವಾರ ಯಾವ ಬಣ್ಣಕ್ಕೆ ಗಿರಾಕಿ ಬಂದಿದೆ ಎಂದು ಹೇಳುತ್ತಿದ್ದರು. ಗಂಡನ ಹಿಮ್ಮಡಿ ಹಸಿರು, ಅತ್ತೆಯ ಊರುಗೋಲಿನ ತುದಿ ಹಳದಿ. ಮೈಮೇಲೆ ಬಣ್ಣ ಕಂಡರೆ ಆ ಮನೆಯಲ್ಲಿ ಯಾರೂ ಎರಡನೆಯ ಸಲ ನೋಡುತ್ತಿರಲಿಲ್ಲ.

ಮದುವೆಯಾಗಿ ಎಷ್ಟೋ ವರ್ಷದ ಮೇಲೆ, ಇನ್ನು ಆಗುವುದಿಲ್ಲ ಎಂದು ಎಲ್ಲರೂ ಬಾಯಿ ಮುಚ್ಚಿಕೊಂಡ ಮೇಲೆ, ಒಂದು ಹೆಣ್ಣು ಹುಟ್ಟಿತು. ನಿಂತಲ್ಲಿ ನಿಲ್ಲುತ್ತಿರಲಿಲ್ಲವಾಗಿ ಅಪ್ಪ ಅದಕ್ಕೆ ಗಿರಗಿಟ್ಲೆ ಎಂದು ಹೆಸರಿಟ್ಟ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ ಹುಡುಗಿ. ಅವಳಿಗೆ ಮನೆಯಲ್ಲಿ ಇದ್ದದ್ದು ಒಂದೇ ಕಟ್ಟಳೆ, ಹಂಡೆಗಳ ಹತ್ತಿರ ಸುಳಿಯಕೂಡದು. ಕುದಿಯುವ ಬಣ್ಣದ ನೀರಿಗೆ ಅಮ್ಮ ಎಷ್ಟು ಹೆದರುತ್ತಿದ್ದಳೆಂದರೆ, ಆ ವಿಷಯದಲ್ಲಿ ಮಾತಿಗಿಂತ ಮೊದಲು ಕೈ ಮುಂದಾಗುತ್ತಿತ್ತು.

ಆ ವರ್ಷ ಚಳಿಯ ಕೊನೆಯಲ್ಲಿ ಗಿರಗಿಟ್ಲೆಗೆ ನೆಗಡಿ, ಗಂಟಲು ನೋವು ಬಂದು ಹೋದವು. ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಅದೇ ಹೊತ್ತಿಗೆ ದೊಡ್ಡ ಸಭಾಂಗಣವೊಂದರ ಪರದೆಗಳಿಗೆಂದು ನೇರಳೆ ಬಣ್ಣದ ನೂಲಿಗೆ ಬೇಡಿಕೆ ಬಂತು. ನೇರಳೆ ಎಲ್ಲರ ಕೈಗೂ ಬಗ್ಗುವ ಬಣ್ಣವಲ್ಲ. ಸ್ವಲ್ಪ ಹೆಚ್ಚಾದರೆ ಕಪ್ಪು, ಕಡಿಮೆಯಾದರೆ ಬೂದಿ. ಪಕ್ಕಾಳಿಗೆ ಹಬೆಯ ಆಚೆಗೆ ಏನೂ ಕಾಣದಾಯಿತು. ತೊಟ್ಟಿ ನೇರಳೆ, ಚರಂಡಿ ನೇರಳೆ, ತೊಟ್ಟಿಯ ಪಕ್ಕದ ಚಪ್ಪಡಿಕಲ್ಲು ನೇರಳೆ.

"ಅಮ್ಮ, ಕಾಲು ನೋಯ್ತಿದೆ," ಎಂದು ಮಗಳು ಬಾಗಿಲಲ್ಲಿ ಬಂದು ನಿಂತಳು.

"ಕುಣಿದು ಕುಣಿದು ನೋಯ್ತಿರುತ್ತೆ. ಅಜ್ಜಿ ಹತ್ರ ಎಣ್ಣೆ ಹಚ್ಚಿಸ್ಕೊ, ಹೋಗು."

ಅಜ್ಜಿ ಎಣ್ಣೆ ಹಚ್ಚಿದಳು. ಮೊಣಕಾಲು, ಕಾಲಿನ ಗಿಣ್ಣು ಸ್ವಲ್ಪ ಬಾತಿವೆಯಲ್ಲ ಎಂದು ಗೊಣಗಿದಳು. ಮರುದಿನ ಸ್ನಾನಕ್ಕೆ ನಿಲ್ಲಿಸಿದಾಗ ಪಕ್ಕಾ ಮಗಳ ಕಾಲು ನೋಡಿದಳು. ಮೊಣಕಾಲಿನ ಕೆಳಗೆಲ್ಲ ನೇರಳೆ ಚುಕ್ಕೆಗಳು. ಕೆಲವು ಸಾಸಿವೆಯಷ್ಟು, ಕೆಲವು ಬಟಾಣಿಯಷ್ಟು. ತಿರುಗಿಸಿದರೆ ಕುಂಡೆಯ ಮೇಲೂ ಅವೇ.

"ಹಂಡೆ ಹತ್ರ ಹೋಗಿದ್ಯಾ?"

"ಇಲ್ಲಮ್ಮ."

"ಮತ್ತೆ ಇದೇನು? ಆ ಕಲ್ಲಿನ ಮೇಲೆ ಹೋಗಿ ಕೂತಿದ್ದೆ. ಕೂತಿದ್ದು ಅಲ್ದೆ ಸುಳ್ಳು ಬೇರೆ!"

"ಇಲ್ಲಮ್ಮ, ನಾನು ಮುಟ್ಟೇ ಇಲ್ಲ."

ಕೆನ್ನೆಗೆ ಒಂದು ಬಿತ್ತು. ಗಿರಗಿಟ್ಲೆ ಅಳಲಿಲ್ಲ, ಕಣ್ಣು ದೊಡ್ಡದು ಮಾಡಿ ಅಮ್ಮನನ್ನೇ ನೋಡಿದಳು. ಪಕ್ಕಾ ಸೋಪು ಹಚ್ಚಿ ತಿಕ್ಕಿದಳು. ಹೋಗಲಿಲ್ಲ. ತನ್ನ ಕೈ ತೊಳೆಯುವ ಕಾರದ ಸೋಪು ತಂದು, ಒರಟು ನಾರು ಹಿಡಿದು, ಚರ್ಮ ಕೆಂಪಾಗುವ ತನಕ ತಿಕ್ಕಿದಳು. ಹೋಗಲಿಲ್ಲ. ಚುಕ್ಕೆಗಳು ಬೆರಳಿಗೆ ಕೊಂಚ ಉಬ್ಬಿದ ಹಾಗೆ ಸಿಕ್ಕವು. ತಿಕ್ಕಿದ್ದಕ್ಕೆ ಬಾತಿರಬೇಕು ಎಂದುಕೊಂಡಳು. ಕೊನೆಗೆ ಅಭ್ಯಾಸಬಲದಿಂದ ಹೆಗಲ ಮೇಲಿನ ಸಾಕ್ಷಿಯನ್ನು ಒದ್ದೆ ಮಾಡಿ ಹಿಂಡಿ, ಮಗಳ ಕಾಲಿನ ಮೇಲೆ ಒತ್ತಿ ಉಜ್ಜಿ, ತೆಗೆದು ನೋಡಿದಳು. ಬಟ್ಟೆ ಬೆಳ್ಳಗಿತ್ತು.

ಅವಳಿಗೆ ನಗು ಬಂತು. ಆ ನಗುವನ್ನು ಆಮೇಲೆ ಅವಳು ಎಷ್ಟು ಸಲ ಶಪಿಸಿಕೊಂಡಳೋ.

"ನೋಡಿ ಅತ್ತೆ," ಎಂದು ಬಟ್ಟೆಯನ್ನು ಎತ್ತಿ ತೋರಿಸಿದಳು. "ನನ್ನ ಬಣ್ಣ ಚರ್ಮಕ್ಕೂ ಕೂತುಬಿಟ್ಟಿದೆ. ಒಂಚೂರೂ ಬಿಡ್ತಿಲ್ಲ!"

"ಆ ಕೂಸಿಗೆ ಯಾಕೆ ಹಾಗೆ ತಿಕ್ತೀಯೇ, ತಾನಾಗೇ ಹೋಗುತ್ತೆ ಬಿಡು," ಎಂದಳು ಮುದುಕಿ.

ಅಂದು ಸಂಜೆ ಉಂಡ ಸ್ವಲ್ಪ ಹೊತ್ತಿಗೆ ಗಿರಗಿಟ್ಲೆ ಹೊಟ್ಟೆ ಹಿಡಿದುಕೊಂಡು ಮುದುಡಿದಳು. ನೋವು ಬಂದಾಗ ಮಂಡಿ ಎದೆಗೆ ಹತ್ತುತ್ತಿತ್ತು, ಮುಖ ಸುಣ್ಣದ ಗೋಡೆಯಾಗುತ್ತಿತ್ತು. ಹೋದಾಗ ಬೆವರಿ ನಿದ್ದೆ ಮಾಡುತ್ತಿದ್ದಳು. ನಿದ್ದೆ ಮಾಡಿದಾಗಲೆಲ್ಲ ಮನೆಯವರು ವಾಸಿಯಾಯಿತು ಎಂದುಕೊಂಡರು. ಮತ್ತೆ ಎದ್ದು ಚೀರಿದಾಗ ಅಪ್ಪ ಔಷಧಿ ಅಂಗಡಿಗೆ ಓಡಿ ಗ್ಯಾಸಿನ ಸಿರಪ್ಪು ತಂದ. ಕುಡಿದದ್ದು ಹಸಿರಾಗಿ ಹೊರಗೆ ಬಂತು. ಆ ಹಸಿರು ಕಂಡದ್ದೇ ಪಕ್ಕಾಳ ತಲೆ ಮತ್ತೆ ಹಂಡೆಯ ಕಡೆಗೇ ಓಡಿತು.

"ಬಣ್ಣದ ನೀರು ಕುಡಿದ್ಯೇನೇ? ನಿಜ ಹೇಳು, ಹೊಡಿಯಲ್ಲ. ಕುಡಿದ್ಯಾ?"

ಗಿರಗಿಟ್ಲೆ ತಲೆ ಅಲ್ಲಾಡಿಸಿದಳು. ಬಾಯಿ ಬಿಡುವ ತ್ರಾಣ ಇರಲಿಲ್ಲ. ಅಮ್ಮ ನಂಬಲಿಲ್ಲ. ಬಣ್ಣ ಹೊಟ್ಟೆಯಿಂದ ಇಳಿದುಹೋಗಲಿ ಎಂದು ಲೋಟಗಟ್ಟಲೆ ನೀರು ಕುಡಿಸಿದಳು, ಗಂಜಿ ಕುಡಿಸಿದಳು. ಗುಟುಕು ಗುಟುಕಿಗೂ ಮಗು ಒದ್ದಾಡಿತು. ಹೊಟ್ಟೆಗೆ ಏನೂ ಹಾಕಬಾರದಾಗಿದ್ದ ಹೊತ್ತಿನಲ್ಲಿ ಹೆತ್ತವಳೇ ಮೂಗು ಹಿಡಿದು ಸುರಿದಳು. ಆಸ್ಪತ್ರೆಗೆ ಹೋಗೋಣ ಎಂದು ಗಂಡ ಅಂದದ್ದಕ್ಕೆ, "ಬಣ್ಣ ಕುಡಿಸಿದ್ದೀರಿ ಅಂತ ನಮ್ಮನ್ನೇ ಹಿಡ್ಕೋತಾರೆ, ಇನ್ನೊಂದು ದಿನ ನೋಡೋಣ," ಎಂದಳು. ಆ ದಿನವೂ ಹೋಯಿತು, ಅದರ ಮರುದಿನವೂ ಹೋಯಿತು.

ಆಮೇಲಿನ ಬೆಳಿಗ್ಗೆ ಪಾಯಿಖಾನೆಯಿಂದ ಅಜ್ಜಿಯ ಕೂಗು ಕೇಳಿತು. ಪಕ್ಕಾ ಓಡಿಹೋಗಿ ಬಗ್ಗಿ ನೋಡಿದಳು. ಕೆಂಪು, ಲೋಳೆ ಲೋಳೆಯಾದ ಕೆಂಪು. ಕೆಂಪಿನಲ್ಲಿ ಎಷ್ಟು ಬಗೆಯಿದೆಯೋ ಅಷ್ಟನ್ನೂ ಕೈಯಾರೆ ಕಲಸಿದವಳು ಅವಳು. ಇದು ತನ್ನ ಯಾವ ಹಂಡೆಯದೂ ಅಲ್ಲವೆಂದು ನೋಡಿದ ಕೂಡಲೇ ಗೊತ್ತಾಯಿತು. ಮಗಳು ಹೇಳಿದ್ದೆಲ್ಲ ನಿಜ ಎಂಬುದು ಅವಳ ತಲೆಗೆ ಹೊಕ್ಕದ್ದು ಆಗ.

ಗಾಡಿಯಲ್ಲಿದ್ದ ನೇರಳೆ ನೂಲಿನ ಗಂಟುಗಳನ್ನು ಗಂಡ ಬೀದಿಗೇ ಎಸೆದ. ಆ ಜಾಗದಲ್ಲಿ ಮಗಳನ್ನು ಮಡಿಲಿಗೆ ಹಾಕಿಕೊಂಡು ಪಕ್ಕಾ ಕೂತಳು. ಗಾಡಿ ಗುಂಡಿಗೆ ಬಿದ್ದಾಗಲೆಲ್ಲ ಮಗು ನರಳುತ್ತಿತ್ತು. "ನಿಧಾನ ರೀ" ಎಂದು ಒಮ್ಮೆ, "ಬೇಗ ರೀ" ಎಂದು ಒಮ್ಮೆ ಅವಳು ದಾರಿಯುದ್ದಕ್ಕೂ ಅರಚಿದಳು.

ಆಸ್ಪತ್ರೆಯಲ್ಲಿ ಹೊಟ್ಟೆಯ ಡಾಕ್ಟರು ಒಬ್ಬ ಹೆಂಗಸು. ಮೊದಲು ಹೊಟ್ಟೆ ಮುಟ್ಟಿದರು, ಆಮೇಲೆ ಹೊದಿಕೆ ಸರಿಸಿ ಕಾಲು ನೋಡಿದರು. ತಿಕ್ಕಿದ ಕಡೆ ಚರ್ಮ ಸುಲಿದು ಹಕ್ಕಳೆಗಟ್ಟಿತ್ತು, ಅದರ ನಡುನಡುವೆ ಚುಕ್ಕೆಗಳು ಇನ್ನೂ ಕಪ್ಪಾಗಿದ್ದವು. ಅವರ ಮುಖ ಗಂಟಾಯಿತು.

"ಇದನ್ನ ಹೀಗೆ ತಿಕ್ಕಿದ್ದು ಯಾರು?"

"ನಾನೇ," ಎಂದಳು ಪಕ್ಕಾ. "ಬಣ್ಣ ಅಂದ್ಕೊಂಡೆ, ಡಾಕ್ಟರಮ್ಮ. ನಾವು ಬಣ್ಣದವರು."

ಡಾಕ್ಟರಮ್ಮ ಅವಳ ನೇರಳೆ ಕೈಗಳನ್ನು ನೋಡಿದರು. ಬೈಯುವ ಬದಲು ಒಂದು ಚಿಕ್ಕ ಗಾಜಿನ ಪಟ್ಟಿ ತೆಗೆದು ಚುಕ್ಕೆಯ ಮೇಲೆ ಒತ್ತಿದರು. ಗಾಜಿನ ಕೆಳಗೆ ಚುಕ್ಕೆ ಹಾಗೇ ಇತ್ತು.

"ನೋಡಿ. ಬರೀ ಚರ್ಮ ಕೆಂಪಾಗಿದ್ರೆ ಒತ್ತಿದಾಗ ಮಾಸಬೇಕು. ಇದು ಮಾಸ್ತಾ ಇಲ್ಲ. ರಕ್ತ ಒಳಗೇ ಸೋರಿದೆ. ಸಣ್ಣ ಸಣ್ಣ ರಕ್ತನಾಳಗಳ ಗೋಡೆಗೆ ಉರಿಯೂತ ಆಗಿದೆ. ಹಿಂದೆ ಬಂದಿದ್ದ ನೆಗಡಿ ಜೊತೆ ಜಗಳಕ್ಕೆ ನಿಂತ ಮೈ, ಈಗ ತನ್ನ ಜೊತೆ ತಾನೇ ಜಗಳ ಆಡ್ತಿದೆ. ಕಾಲಲ್ಲಿ ಆಗಿರೋದೇ ಕರುಳಲ್ಲೂ ಆಗಿದೆ. ಕರುಳು ಬಾತು, ಅಂಗಿ ತೋಳು ಒಳಕ್ಕೆ ಮಡಚಿಕೊಳ್ಳುತ್ತಲ್ಲ, ಹಾಗೆ ಒಂದು ಭಾಗ ಇನ್ನೊಂದರ ಒಳಗೆ ಸೇರ್ಕೊಂಡಿದೆ. ಈಗಲೇ ಹೊಟ್ಟೆ ತೆರೀಬೇಕು."

"ಬದುಕ್ತಾಳಾ?" ಎಂದ ಗಂಡ.

"ಒಳಗೆ ಹೋಗಿ ನೋಡ್ದೆ ಏನೂ ಹೇಳಕ್ಕಾಗಲ್ಲ."

ಪಕ್ಕಾ ಕೇಳಿದ್ದು ಬೇರೆ. "ಮೊನ್ನೆನೇ ಬಂದಿದ್ರೆ?"

ಡಾಕ್ಟರಮ್ಮ ಗಾಜಿನ ಪಟ್ಟಿಯನ್ನು ಒರೆಸಿ ಜೇಬಿಗೆ ಹಾಕಿಕೊಂಡರು. "ಈ ಕಾಯಿಲೆ ಯಾರ ತಪ್ಪಿಂದಲೂ ಬರಲ್ಲಮ್ಮ," ಎಂದರು. ಕೇಳಿದ ಪ್ರಶ್ನೆಗೆ ಅದು ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಆಪರೇಷನ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಗಂಡ ತಲೆ ಗೋಡೆಗೆ ಆನಿಸಿ ಕಣ್ಣು ಮುಚ್ಚಿದ್ದ. ಪಕ್ಕಾ ಕೂರಲಿಲ್ಲ. ಸಾಕ್ಷಿ ಎದುರಿಗೇ ಇತ್ತಲ್ಲ, ಬೆಳ್ಳಗೆ ಬಂತಲ್ಲ, ಬಣ್ಣ ಮೇಲಿನದಲ್ಲ ಒಳಗಿನದು ಎಂದು ಬಾಯಿಬಿಟ್ಟು ಹೇಳಿತಲ್ಲ! ಚಿಕ್ಕಂದಿನಿಂದ ಆ ಭಾಷೆ ಓದಿದವಳು ತಾನು. ಒಳಗಿನಿಂದ ಬಂದದ್ದು ಎಂದು ಹೆದರಬೇಕಾದ ಕಡೆ ಜಂಬಪಟ್ಟು ನಕ್ಕಳಲ್ಲ. ಎಲ್ಲಾದರೂ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು, ಆದರೆ ಗೋಡೆಯ ಆಚೆಗೆ ಮಗಳಿದ್ದಳು.

ಕರುಳಿನ ಒಂದು ತುಂಡು ಸತ್ತುಹೋಗಿತ್ತು. ಅದನ್ನು ಕತ್ತರಿಸಿ ತೆಗೆದು ಉಳಿದದ್ದನ್ನು ಜೋಡಿಸಿದರು. ಮಗುವನ್ನು ನೋಡಲು ಬಿಡುವ ಮುಂಚೆ ಕೈ ತೊಳೆದು ಬನ್ನಿ ಎಂದಳು ನರ್ಸು. ಪಕ್ಕಾ ತೊಳೆದು ಬಂದಳು. ನರ್ಸು ಕೈ ನೋಡಿ ಮತ್ತೆ ಕಳಿಸಿದಳು. ಇನ್ನೊಮ್ಮೆ ತೊಳೆದು ಬಂದಳು.

"ಇದು ಹೋಗಲ್ಲ ಸಿಸ್ಟರ್," ಎಂದಳು. ಇಷ್ಟು ವರ್ಷ ಎದೆಯುಬ್ಬಿಸಿ ಹೇಳಿದ್ದ ಮಾತು ಆವತ್ತು ಭಿಕ್ಷೆ ಬೇಡುವ ದನಿಯಲ್ಲಿ ಬಂತು. ನರ್ಸು ಅವಳಿಗೆ ಕೈಗವಸು ಹಾಕಿ ಒಳಗೆ ಬಿಟ್ಟಳು.

ಮೂಗಿಗೆ ನಳಿಗೆ, ಹೊಟ್ಟೆಗೆ ಬಿಳಿ ಪಟ್ಟಿ. ಗಿರಗಿಟ್ಲೆ ಕಣ್ಣು ತೆರೆದು ಅಮ್ಮನನ್ನು ಗುರುತು ಹಿಡಿದಳು. ನೀರು ಕೇಳಲಿಲ್ಲ, ನೋವು ಅನ್ನಲಿಲ್ಲ.

"ಅಮ್ಮ, ನಾನು ಮುಟ್ಟಿರ್ಲಿಲ್ಲ."

"ಹೌದು ಕಂದ. ಮುಟ್ಟಿರ್ಲಿಲ್ಲ. ಅಮ್ಮಂಗೆ ಗೊತ್ತು."

"ಆವಾಗ ಗೊತ್ತಿರ್ಲಿಲ್ವಾ?"

ಪಕ್ಕಾ ಕೈಗವಸಿನ ಕೈಯಲ್ಲಿ ಮಗಳ ಕೂದಲು ಸವರುತ್ತ ನಿಂತಳು.

ಮನೆಗೆ ಬಂದ ಮೇಲೆ ಅವಳು ನೇರಳೆಯ ಡಬ್ಬಿಗಳನ್ನು ಹೊತ್ತುಕೊಂಡು ಹೋಗಿ ಊರಾಚೆಯ ಇನ್ನೊಬ್ಬ ಬಣ್ಣದವನಿಗೆ ಕೊಟ್ಟು ಬಂದಳು. ಆ ಹಂಡೆಯನ್ನು ಬೋರಲು ಹಾಕಿದಳು. ಪರದೆಯವರು ಬಂದು ಕೂಗಾಡಿದರು, ಗಂಡ ಕೈ ಮುಗಿದು ಕಳಿಸಿದ. "ಇನ್ನು ಈ ಮನೇಲಿ ಆ ಬಣ್ಣ ಬೇಡ," ಎಂದಳು. ಮಾತ್ರೆಗಳಿಗೆ ಮಗಳ ಮುಖ ಊದಿಕೊಂಡಿತು, ಬೀದಿಯ ಮಕ್ಕಳು ಬೇರೆ ಹೆಸರು ಇಟ್ಟರು. ಕಾಯಿಲೆ ಮರುಕಳಿಸಬಹುದು, ಮೂತ್ರಪಿಂಡಕ್ಕೂ ಇಳಿಯಬಹುದು, ಕಾಲು ನೋಡ್ತಾ ಇರಿ, ಮೂತ್ರದ ಬಣ್ಣ ನೋಡ್ತಾ ಇರಿ ಎಂದಿದ್ದರು ಡಾಕ್ಟರಮ್ಮ. ಬಣ್ಣ ನೋಡುವುದೇ ಕಸುಬಾದವಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಯಾವುದಿದೆ? ದಿನಾ ಬೆಳಿಗ್ಗೆ ಮಗಳ ಮೂತ್ರವನ್ನು ಗಾಜಿನ ಲೋಟದಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತುತ್ತಿದ್ದಳು. ದಿನಾ ಸ್ನಾನದ ಹೊತ್ತಿಗೆ ಪಾದದಿಂದ ಸೊಂಟದವರೆಗೆ ಇಂಚಿಂಚೂ ನೋಡುತ್ತಿದ್ದಳು. ಅದು ಮುಗಿಯುವ ತನಕ ಅವಳು ಊಟಕ್ಕೆ ಕೈ ಹಾಕುತ್ತಿರಲಿಲ್ಲ. ಒಮ್ಮೆ ಸೊಳ್ಳೆ ಕಚ್ಚಿದ್ದಕ್ಕೆ ಚೀರಿ ಬೀದಿಯನ್ನೆಲ್ಲ ಸೇರಿಸಿದಳು. ಕೂತಲ್ಲಿ ನಿಂತಲ್ಲಿ ಕಣ್ಣೀರು.

ಗಿರಗಿಟ್ಲೆ ಇದನ್ನೆಲ್ಲ ನೋಡುತ್ತಿದ್ದಳು. ಮೊದಲಿನ ಓಡಾಟ ಹೋಗಿತ್ತು. ಅಜ್ಜಿಯ ಪಕ್ಕ ಕೂತು ಅಮ್ಮನ ಮುಖವನ್ನು, ಅಮ್ಮನ ತಟ್ಟೆಯಲ್ಲಿ ಆರುತ್ತಿರುವ ಅನ್ನವನ್ನು ನೋಡುತ್ತಿದ್ದಳು. ಮಕ್ಕಳಿಗೆ ಏನೂ ತಿಳಿಯುವುದಿಲ್ಲ ಎಂದುಕೊಳ್ಳುವ ದೊಡ್ಡವರ ಬುದ್ಧಿಗೆ ಏನನ್ನಬೇಕು?

ಮತ್ತೆ ಚಳಿ ಬಂತು, ಮತ್ತೆ ಒಂದು ನೆಗಡಿ ಬಂದು ಹೋಯಿತು. ಒಂದು ಮಧ್ಯಾಹ್ನ, ಮಗಳ ಸ್ನಾನ ಇನ್ನೂ ಆಗದ ಹೊತ್ತಿನಲ್ಲಿ, ಪಕ್ಕಾ ಬೀದಿಯಿಂದ ಮನೆಗೆ ಬಂದಾಗ ಮಗಳು ಹಿತ್ತಲ ಬಾಗಿಲಲ್ಲೇ ನಿಂತಿದ್ದಳು. ಮೊಣಕಾಲಿನಿಂದ ಕೆಳಗೆ ಎರಡೂ ಕಾಲು ನೇರಳೆ ನೇರಳೆ.

ಪಕ್ಕಾ ಕೂಗುವ ಮೊದಲೇ ಗಿರಗಿಟ್ಲೆ ಬಾಯಿಪಾಠ ಒಪ್ಪಿಸುವ ಹಾಗೆ ಹೇಳಿದಳು. "ಅಮ್ಮ, ನಾನು ಬಣ್ಣ ಮುಟ್ಟಿದೆ. ಆಟ ಆಡೋವಾಗ ಚೆಲ್ತು. ಬೈಬೇಡ."

"ಬಣ್ಣಾನಾ? ಬಣ್ಣಾನೇನೇ?"

ಸಾಕ್ಷಿಯನ್ನು ಹೆಗಲಿಂದ ಎಳೆದು ಬಕೆಟ್ಟಿಗೆ ಅದ್ದಿದಳು. ಇಷ್ಟು ವರ್ಷ ಬೆಳ್ಳಗೆ ಬರಲಿ ಎಂದು ಒತ್ತಿದ ಬಟ್ಟೆಯನ್ನು ಇವತ್ತು, ಬಿಡು, ಬಣ್ಣ ಬಿಡು, ಎಂದು ಬೇಡಿಕೊಳ್ಳುತ್ತ ಒತ್ತಿದಳು. ತೆಗೆದು ನೋಡಿದಳು. ಬಟ್ಟೆಯ ತುಂಬ ನೇರಳೆ.

"ಅತ್ತೆ! ಅತ್ತೆ, ನೋಡಿ ಬನ್ನಿ, ಬಣ್ಣ ಬಿಡ್ತಿದೆ! ಬರೀ ಬಣ್ಣ ಕಣತ್ತೆ!" ಅವಳು ನಗುತ್ತಿದ್ದಳು, ಅಳುತ್ತಿದ್ದಳು, ಮಗಳ ಕಾಲಿಗೆ ಮುತ್ತಿಡುತ್ತಿದ್ದಳು. ತುಟಿಯೂ ನೇರಳೆಯಾಯಿತು. "ನನ್ನ ಬಂಗಾರ, ದಿನಾ ಆಡು, ಹಂಡೆ ಒಳಗೇ ಇಳಿದು ಆಡು, ಯಾರು ಬೇಡ ಅಂತಾರೆ!"

ಅತ್ತೆ ಊರುಗೋಲು ಊರುತ್ತ ಬಂದು, ಬಟ್ಟೆಯನ್ನು ಕೈಗೆ ತೆಗೆದುಕೊಂಡು, ಕಣ್ಣಿನ ಹತ್ತಿರ ಹಿಡಿದು ನೋಡಿದಳು.

"ಅಲ್ವೇ, ನಮ್ಮನೇಲಿ ನೇರಳೆ ಎಲ್ಲಿದೆ?"

ಪಕ್ಕಾಳ ನಗು ಅಲ್ಲೇ ನಿಂತಿತು. ತಿರುಗಿ ಹಿತ್ತಲ ಕಡೆ ನೋಡಿದಳು. ಬೋರಲು ಹಾಕಿದ ಹಂಡೆ ಬೋರಲಾಗಿಯೇ ಇತ್ತು. ಒಂದರಲ್ಲಿ ಕೆಂಪು, ಇನ್ನೊಂದರಲ್ಲಿ ನೀಲಿ, ಆ ವಾರದ ಕೆಲಸ ಅಷ್ಟೇ. ತೊಟ್ಟಿಯ ಪಕ್ಕದ ಕಲ್ಲಿನ ಮೇಲೆ ಗಿರಗಿಟ್ಲೆ ಹಾಲು ಕುಡಿಯುವ ಲೋಟ ಇತ್ತು, ಅದರ ತಳದಲ್ಲಿ ಒಂದು ಗುಟುಕು ನೇರಳೆ ನೀರು.

ಅವಳು ಅತ್ತೆಯ ಕೈಯಿಂದ ಬಟ್ಟೆ ತೆಗೆದುಕೊಂಡು ಬೆಳ್ಳಗಿದ್ದ ತುದಿ ಹುಡುಕಿ ಒದ್ದೆ ಮಾಡಿದಳು. ಈ ಸಲ ಮೆಲ್ಲಗೆ, ಸುಲಿದ ಗಾಯ ಒರೆಸುವ ಹಾಗೆ ಒರೆಸಿದಳು. ಕಲಸಿದ ಬಣ್ಣ ಹೋಯಿತು. ಅದರ ಕೆಳಗೆ ಸಾಸಿವೆಯಷ್ಟು, ಬಟಾಣಿಯಷ್ಟು ಚುಕ್ಕೆಗಳು ಉಳಿದವು. ಇನ್ನೊಮ್ಮೆ ಒರೆಸಿದಳು, ಉಳಿದವು.

"ಯಾವಾಗ ನೋಡ್ದೆ ಕಂದ?"

"ಬೆಳಿಗ್ಗೆ," ಎಂದಳು ಗಿರಗಿಟ್ಲೆ ನೆಲ ನೋಡುತ್ತ. "ನೀನು ಊಟ ಮಾಡಲ್ಲ ಅಂತ. ಅಳ್ತೀಯ ಅಂತ."

ಸಾಕ್ಷಿ ಪಕ್ಕಾಳ ಕೈಯಿಂದ ಜಾರಿ ಬಕೆಟ್ಟಿಗೆ ಬಿತ್ತು. ಅವಳು ಮಂಡಿಯೂರಿ ಮಗಳ ಎರಡೂ ಕೆನ್ನೆ ಹಿಡಿದುಕೊಂಡಳು.

"ಹೊಟ್ಟೆ ನೋಯ್ತಿದ್ಯಾ?"

"ಇಲ್ಲಮ್ಮ," ಎಂದಳು ಮಗಳು.

ಅದೇ ಮಾತು, ಅದೇ ದೊಡ್ಡ ಕಣ್ಣು. ಅಂದು ನಿಜ ಹೇಳಿದಾಗ ಅಮ್ಮ ಕೆನ್ನೆಗೆ ಹೊಡೆದಿದ್ದಳು. ಇಂದು ಅಮ್ಮನ ಸಂಕಟ ನೋಡಲಾರದೆ ಆ ಹುಡುಗಿ ಸುಳ್ಳು ಕಲಿತಿದ್ದಾಳೆ. ಈ 'ಇಲ್ಲ' ಯಾವ 'ಇಲ್ಲ' ಎಂದು ಒತ್ತಿ ನೋಡುವುದಕ್ಕೆ ಪಕ್ಕಾಳ ಹತ್ತಿರ ಯಾವ ಬಟ್ಟೆಯೂ ಇರಲಿಲ್ಲ. ಮಗಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, ಗಾಡಿ ತೆಗೆಯಿರಿ ಎಂದು ಗಂಡನನ್ನು ಕೂಗುತ್ತ ಬೀದಿಗೆ ಓಡಿದಳು.